ಬಚ್ಚಲುಮನೆಯ ದೀಪ ಯಾವಾಗ ಕೈಕೊಡುತ್ತದೆ?

ಮೂಡಿಗೆರೆ ಕಡೆಯ ಒಂದು ಹೋಂಸ್ಟೇ. ತೋಟದ ಹಳೆಯ ಹೆಂಚಿನ ಮನೆಯಲ್ಲಿ ಒಂದು ಕೋಣೆಯ ಮೂಲೆಗೆ ಗೋಡೆ ಎಬ್ಬಿಸಿ, ನಾಲ್ಕಡಿ ಅಗಲ ಆರಡಿ ಉದ್ದದ ಸ್ನಾನದ ಮನೆ ಮಾಡಿದ್ದರು. ಒಂದು ಶವರ್, ಒಂದು ಕಮೋಡು, ಕೈ ತೊಳೆಯಲು ಪುಟ್ಟ ಬೇಸಿನ್, ಮೇಲೆ ಲೋಹದ ಮೈಯ ಒಂದು ಎಲ್‌ಇಡಿ ದೀಪ. ಆ ದೀಪ ಶನಿವಾರ, ಭಾನುವಾರ ಮಾತ್ರ ಆರಿಹೋಗುತ್ತಿತ್ತು. ಸೋಮವಾರ ಯಜಮಾನರು ಫೋನ್ ಮಾಡುವರು, ಬುಧವಾರ ನಾನು ಹೋಗುವೆನು, ಸ್ವಿಚ್ ಒತ್ತಿದರೆ ದೀಪ ಏನೂ ಆಗಿಲ್ಲವೆಂಬಂತೆ ಹೊತ್ತಿಕೊಳ್ಳುವುದು. ಒಮ್ಮೆ ಸ್ವಿಚ್ ಬದಲಿಸಿದೆ, ಒಮ್ಮೆ ಕನೆಕ್ಟರ್ ಬದಲಿಸಿದೆ, ಮೂರನೆಯ ಸಲ ದೀಪವನ್ನೇ ಬದಲಿಸಿದೆ. “ನಿಮ್ಮನ್ನು ಕಂಡರೆ ಅದಕ್ಕೆ ಭಯವಿರಬೇಕು” ಎಂದು ಆ ಮನೆಯ ಅಮ್ಮ ಕಾಫಿ ಕೊಡುತ್ತಾ ನಕ್ಕರು. ನನಗೆ ನಗು ಬರಲಿಲ್ಲ.

ನಾಲ್ಕನೆಯ ಸಲ ಹೋದಾಗ ಚೀಲ ಬಿಚ್ಚಲಿಲ್ಲ. ಹಿತ್ತಲಿನ ಸೌದೆ ಬಾಯ್ಲರಿಗೆ ಬೆಂಕಿ ಹಾಕಿಸಿ, ಸ್ನಾನದ ಮನೆಯ ಬಾಗಿಲು ಮುಚ್ಚಿ, ಬಿಸಿನೀರಿನ ಶವರನ್ನು ಸುರಿಯಲು ಬಿಟ್ಟು ಜಗುಲಿಯಲ್ಲಿ ಕುಳಿತೆ. ಹದಿನೇಳನೆಯ ನಿಮಿಷಕ್ಕೆ ಕೋಣೆಯ ಬಾಗಿಲ ಹಿಂದಿದ್ದ ಪುಟ್ಟ ಬೋರ್ಡಿನಲ್ಲಿ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನಾಗಿ ಬೀಳುವ ಸ್ವಿಚ್, ‘ಟಪ್’ ಎಂದು ಬಿದ್ದಿತು. ದೀಪ ಬಿಚ್ಚಿ ನೋಡಿದರೆ ಒಳಗೆ ಅರ್ಧ ಚಮಚ ನೀರು. ಶವರಿನ ನೀರು ಅಷ್ಟೆತ್ತರಕ್ಕೆ ಹಾರಿರಲಿಲ್ಲ. ಹಬೆ ದೀಪದ ಹಿಂದಿನ ರಂಧ್ರದಿಂದ ವೈರಿನ ಪೈಪಿನೊಳಕ್ಕೆ ಏರಿ, ಹೆಂಚಿನ ಅಡಿಯ ತಣ್ಣನೆಯ ಭಾಗದಲ್ಲಿ ನೀರಾಗಿ, ಪೈಪಿನ ಇಳಿಜಾರಿನಲ್ಲಿ ಹಿಂದಕ್ಕೆ ಹರಿದು ದೀಪದೊಳಗೇ ತೊಟ್ಟಿಕ್ಕುತ್ತಿತ್ತು. ವಾರದ ದಿನಗಳಲ್ಲಿ ಒಬ್ಬರದೋ ಇಬ್ಬರದೋ ಸ್ನಾನ. ವಾರಾಂತ್ಯದಲ್ಲಿ ಊರಿನಿಂದ ಬಂದ ನಾಲ್ವರು ಒಬ್ಬರ ಬೆನ್ನಿಗೊಬ್ಬರು ಚಳಿ ಬಿಡಿಸಿಕೊಳ್ಳುತ್ತಿದ್ದರು. ಬಿದ್ದ ಆರ್‌ಸಿಸಿಬಿಯನ್ನು ಮರುದಿನ ಬೆಳಿಗ್ಗೆ ಅಡುಗೆಯವರು ಎತ್ತಿಬಿಡುತ್ತಿದ್ದರು; ಅದು ಹೇಳಬೇಕಾದ ಸಂಗತಿ ಎಂದು ಅವರಿಗೆ ಅನ್ನಿಸಿರಲಿಲ್ಲ, ಕೇಳಬೇಕಾದ ಸಂಗತಿ ಎಂದು ನನಗೂ ಹೊಳೆದಿರಲಿಲ್ಲ.

ಅಂದಿನಿಂದ ಯಾರಾದರೂ ‘ಬಚ್ಚಲಿನ ಲೈಟು ಕೆಟ್ಟಿದೆ’ ಎಂದರೆ ‘ಯಾವಾಗ?’ ಎಂದು ಕೇಳುತ್ತೇನೆ. ಏನಾಗಿದೆ ಎಂಬುದು ಆಮೇಲಿನ ಮಾತು. ಸ್ನಾನ ಮಾಡುವಾಗಲೋ, ಸ್ವಿಚ್ ಆರಿಸಿದ ಮೇಲೋ, ಗೀಸರ್ ಹಾಕಿದಾಗಲೋ, ಹೊಸ ದೀಪ ಹಾಕಿದ ಮೂರು ತಿಂಗಳಿಗೆ ಸರಿಯಾಗಿಯೋ? ಈ ಬರಹವನ್ನು ಆ ಕ್ರಮದಲ್ಲೇ ಬರೆದಿದ್ದೇನೆ. ನಿಮ್ಮ ಮನೆಯ ‘ಯಾವಾಗ’ ಯಾವುದೋ ಅಲ್ಲಿಂದ ಓದಬಹುದು. ಆದರೆ ಮುಂದಿನ ಭಾಗವನ್ನು ಮಾತ್ರ ಯಾರೂ ಬಿಡಬೇಡಿ.

ಕೈ ಹಾಕುವ ಮುನ್ನ

ಸ್ವಿಚ್ ಆರಿಸಿ ಸ್ಟೂಲ್ ಹತ್ತುವುದು ನಮ್ಮಲ್ಲಿ ರೂಢಿ. ಸ್ನಾನದ ಮನೆಯಲ್ಲಿ ಅದು ಸಾಲದು. ಹಳೆಯ ಮನೆಗಳಲ್ಲಿ ಫೇಸ್ (ಕರೆಂಟ್ ತರುವ ವೈರ್) ಬದಲು ನ್ಯೂಟ್ರಲ್ (ಕರೆಂಟ್ ಮರಳುವ) ವೈರನ್ನು ಸ್ವಿಚ್ಚಿಗೆ ಕೊಟ್ಟಿರುವುದನ್ನು ನಾನು ಲೆಕ್ಕವಿಲ್ಲದಷ್ಟು ಬಾರಿ ನೋಡಿದ್ದೇನೆ. ಅಲ್ಲಿ ದೀಪ ಆರಿದರೂ ಹೋಲ್ಡರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಆದ್ದರಿಂದ ಮೇನ್ ಸ್ವಿಚ್ ಕೆಳಗಿಳಿಸಿ, ಟಾರ್ಚ್ ಬೆಳಕಿನಲ್ಲಿ ಕೆಲಸ ಮಾಡಿ.

ಟೆಸ್ಟರ್ ಬಗ್ಗೆಯೂ ಒಂದು ಮಾತು. ಸ್ಕ್ರೂಡ್ರೈವರ್ ಆಕಾರದ ನಿಯಾನ್ ಟೆಸ್ಟರ್ ಹೊತ್ತಬೇಕಾದರೆ ನಿಮ್ಮ ಮೈಯ ಮೂಲಕ ಅತಿ ಸಣ್ಣ ಕರೆಂಟ್ ಹರಿಯಬೇಕು. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ರಬ್ಬರ್ ಚಪ್ಪಲಿ ಹಾಕಿ ನಿಂತಾಗ ಅದು ಹಗಲಿನಲ್ಲಿ ಕಾಣಿಸದಷ್ಟು ಮಂಕಾಗಿರುತ್ತದೆ. ‘ಕರೆಂಟ್ ಇಲ್ಲ’ ಎಂದುಕೊಂಡು ಕೈ ಇಟ್ಟವರು ಏಟು ತಿಂದಿದ್ದಾರೆ. ಟೆಸ್ಟರಿನ ಹಿಡಿ ಒದ್ದೆಯಾಗಿದ್ದರೆ ಇನ್ನೊಂದು ಅಪಾಯ: ಒಳಗಿನ ರೆಸಿಸ್ಟರನ್ನು ಬಿಟ್ಟು ನೀರಿನ ದಾರಿಯಲ್ಲೇ ಕರೆಂಟ್ ಕೈಗೆ ಬರಬಹುದು. ವೋಲ್ಟೇಜನ್ನು ಅಂಕೆಯಲ್ಲಿ ತೋರಿಸುವ ಒಂದು ಮಲ್ಟಿಮೀಟರ್ ಇಟ್ಟುಕೊಳ್ಳಿ. ಮೇನ್ ಇಳಿಸುವ ಮೊದಲು, ಕರೆಂಟ್ ಇರುವುದು ಖಚಿತವಾದ ಪ್ಲಗ್ಗಿನಲ್ಲಿ ಅದು 230 ವೋಲ್ಟಿನ ಆಸುಪಾಸು ತೋರಿಸುತ್ತದೆಯೇ ನೋಡಿ, ಮೇನ್ ಇಳಿಸಿದ ಮೇಲೆ ದೀಪದ ವೈರಿಗೆ ಹಿಡಿಯಿರಿ.

ಬೋರ್ಡಿನಲ್ಲಿ ಆರ್‌ಸಿಸಿಬಿ ಇದೆಯೇ ಎಂದೂ ನೋಡಿಕೊಳ್ಳಿ. ಬಹಳ ಮಂದಿ ಎಂಸಿಬಿಯನ್ನೇ ಜೀವರಕ್ಷಕ ಎಂದು ನಂಬಿದ್ದಾರೆ. ವೈರಿನ ಅಳವಿಗೆ ಮೀರಿ ಕರೆಂಟ್ ಹರಿದಾಗ, ಶಾರ್ಟ್ ಆದಾಗ ಎಂಸಿಬಿ ಬೀಳುತ್ತದೆ. ಒದ್ದೆ ಮೈಯ ಮನುಷ್ಯನ ಮೂಲಕ ನೆಲಕ್ಕೆ ಸೋರುವ ಕರೆಂಟ್ ಅದರ ಲೆಕ್ಕಕ್ಕೆ ಏನೂ ಅಲ್ಲ. ಹೋದ ಕರೆಂಟಿಗೂ ಮರಳಿದ ಕರೆಂಟಿಗೂ 30 ಮಿಲಿಆಂಪಿಯರ್ ವ್ಯತ್ಯಾಸವಾಗುವುದರೊಳಗೆ ಬೀಳುವುದು ಆರ್‌ಸಿಸಿಬಿ. ಅದರ ಮೈಮೇಲೆ 30 ಎಂದು ಇರಬೇಕು. 100 ಅಥವಾ 300 ಎಂದಿದ್ದರೆ ಅದು ಬೆಂಕಿ ತಡೆಯಲು, ಸ್ನಾನ ಮಾಡುವವರಿಗಲ್ಲ. ತಿಂಗಳಿಗೊಮ್ಮೆ ಅದರ ‘ಟಿ’ ಗುಂಡಿ ಒತ್ತಿ. ಬೀಳದಿದ್ದರೆ ದೀಪದ ಮಾತು ಬಿಟ್ಟು ಮೊದಲು ಅದನ್ನು ಬದಲಿಸಿ.

ಸ್ನಾನದ ಹೊತ್ತಿನಲ್ಲಿ ಮಾತ್ರ ಕೆಡುವುದು

ಮಲೆನಾಡಿನಲ್ಲಿ ನಾನು ಕಾಣುವ ದೂರುಗಳಲ್ಲಿ ಇದೇ ಹೆಚ್ಚು. ದೀಪ ಮಿಣುಕುತ್ತದೆ, ಇಲ್ಲವೇ ಆರ್‌ಸಿಸಿಬಿ ಬೀಳುತ್ತದೆ, ಒಂದೆರಡು ಗಂಟೆ ಬಿಟ್ಟರೆ ಎಲ್ಲವೂ ಸರಿ. ತಾನಾಗಿ ಸರಿಹೋಗುವ ದೋಷ ಬಹುಮಟ್ಟಿಗೆ ನೀರಿನದು. ಒಣಗಿದ ಮೇಲೆ ಸಾಕ್ಷಿಯೂ ಉಳಿಯುವುದಿಲ್ಲ.

ಎಷ್ಟು ನೀರು ಎಂದು ಲೆಕ್ಕ ಹಾಕೋಣ. 30 ಡಿಗ್ರಿ ಸೆಲ್ಸಿಯಸ್‌ನ ಗಾಳಿ ತುಂಬಿ ತುಳುಕುವಷ್ಟು ತೇವ ಹೊತ್ತರೆ ಒಂದು ಘನ ಮೀಟರಿಗೆ ಸುಮಾರು 30 ಗ್ರಾಂ ನೀರನ್ನು ಹಿಡಿದಿಡುತ್ತದೆ. 20 ಡಿಗ್ರಿಗೆ ಇಳಿದರೆ ಸುಮಾರು 17 ಗ್ರಾಂ. ನಾಲ್ಕಡಿ, ಆರಡಿ, ಒಂಬತ್ತಡಿ ಎತ್ತರದ ಕೋಣೆಯಲ್ಲಿ ಇರುವುದು ಸುಮಾರು ಆರು ಘನ ಮೀಟರ್ ಗಾಳಿ. ಸ್ನಾನ ಮುಗಿದು ಅದು ತಣ್ಣಗಾಗುವಾಗ ಒಂದು ಕಾಫಿ ಲೋಟದಷ್ಟು ನೀರು ಗೋಡೆ, ಕನ್ನಡಿ, ಚಾವಣಿ, ದೀಪ ಎಂದು ಕೈಗೆ ಸಿಕ್ಕಲ್ಲೆಲ್ಲ ಕೂರುತ್ತದೆ. ಆಷಾಢದಲ್ಲಿ ಕೊಪ್ಪ, ಶೃಂಗೇರಿ, ಸಕಲೇಶಪುರದ ಕಡೆ ಅದು ಆರುವ ಮೊದಲೇ ಮರುದಿನದ ಸ್ನಾನ ಬರುತ್ತದೆ.

ಇದು ಮೊದಲೂ ಇತ್ತಲ್ಲ, ಆಗ ದೀಪ ಕೆಡುತ್ತಿರಲಿಲ್ಲವಲ್ಲ ಎಂದು ಹಿರಿಯರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಹಂಡೆಯ ಒಲೆ ಉರಿಯುತ್ತಿದ್ದ ಬಚ್ಚಲಿನಲ್ಲಿ ಬೆಂಕಿಯೇ ಗೋಡೆಯನ್ನು ಒಣಗಿಸುತ್ತಿತ್ತು. ಮೇಲೆ ಇದ್ದದ್ದು ತಂತಿ ಕಾಯುವ ಹಳೆಯ ಬಲ್ಬು. ಹೆಸರಿಗೆ ‘ಝೀರೋ’ ಎಂದು ಕರೆದರೂ ಅದು 15 ವ್ಯಾಟ್ ತಿನ್ನುತ್ತಿತ್ತು, ತಿಂದಿದ್ದರಲ್ಲಿ ಹೆಚ್ಚಿನದನ್ನು ಶಾಖವಾಗಿಯೇ ಬಿಡುತ್ತಿತ್ತು. 60 ವ್ಯಾಟಿನ ಬಲ್ಬಂತೂ ತನ್ನ ಹೋಲ್ಡರನ್ನು ತಾನೇ ಒಣಗಿಸಿಕೊಳ್ಳುವ ಪುಟ್ಟ ಒಲೆ. 2015ರಲ್ಲಿ ಕೇಂದ್ರದ ಉಜಾಲಾ ಯೋಜನೆ ನಮ್ಮಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಬಂದು ಮನೆಮನೆಗೆ 9 ವ್ಯಾಟಿನ ಎಲ್‌ಇಡಿ ಸೇರಿತು. ಬಿಲ್ಲು ಇಳಿಯಿತು, ಶಾಖವೂ ಇಳಿಯಿತು. ಅದೇ ಹೋಲ್ಡರ್, ಅದೇ ಹಬೆ, ಆದರೆ ಒಣಗಿಸುವವರು ಇಲ್ಲ. ಹಿತ್ತಾಳೆಯ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ.

ಪತ್ತೆ ಮಾಡುವುದು ಹೀಗೆ. ಮೊದಲು ದೋಷವನ್ನು ಕರೆಸಿಕೊಳ್ಳಿ: ಬಾಗಿಲು ಮುಚ್ಚಿ, ಬಿಸಿನೀರು ಬಿಟ್ಟು, ದೀಪ ಹಾಕಿ ಹೊರಗೆ ಕುಳಿತುಕೊಳ್ಳಿ. ಗೀಸರ್ ಇದ್ದರೆ ನೀರು ಕಾಯಿಸಿಕೊಂಡು ಅದನ್ನು ಆರಿಸಿಬಿಡಿ. ಇಲ್ಲವಾದರೆ ತಪ್ಪು ಯಾರದೆಂದು ಗೊತ್ತಾಗುವುದಿಲ್ಲ. ದೀಪದಿಂದ ಎಂದುಕೊಂಡ ಆರ್‌ಸಿಸಿಬಿ ಬೀಳುವಿಕೆ ಎಷ್ಟೋ ಸಲ ಗೀಸರಿನ ಕಾಯಿಲ್ ಸೋರುವುದರಿಂದ ಬಂದಿರುತ್ತದೆ. ಗೀಸರ್ ಆರಿಸಿದ ಮೇಲೂ ಬಿದ್ದರೆ ಅನುಮಾನ ದೀಪದ ಕಡೆಗೆ. ಗೀಸರಿಗೆ ಎರಡೂ ವೈರನ್ನು ಕಡಿಯುವ ಸ್ವಿಚ್ ಇರಬೇಕೆಂಬುದನ್ನು ಮರೆಯಬೇಡಿ.

ಇಲ್ಲಿ ಅನುಭವಸ್ಥರೂ ಎಡವುವ ಒಂದು ಸೂಕ್ಷ್ಮವಿದೆ. ದೀಪದ ಸ್ವಿಚ್ ಆರಿಸಿದ ಮೇಲೂ ಆರ್‌ಸಿಸಿಬಿ ಬೀಳುತ್ತಿದೆ ಎಂದಮಾತ್ರಕ್ಕೆ ದೀಪ ನಿರಪರಾಧಿಯಲ್ಲ. ಸ್ವಿಚ್ ಕಡಿಯುವುದು ಫೇಸನ್ನು ಮಾತ್ರ. ಒದ್ದೆಯಾದ ದೀಪದಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ಮುಟ್ಟಿಕೊಂಡಿದ್ದರೆ, ಮನೆಯಲ್ಲಿ ಇನ್ನೆಲ್ಲೋ ಮಿಕ್ಸಿ ತಿರುಗಿದಾಗ ಮರಳುವ ಕರೆಂಟಿನ ಒಂದು ಪಾಲು ಆ ದಾರಿ ಹಿಡಿಯುತ್ತದೆ, ಆರ್‌ಸಿಸಿಬಿ ಬೀಳುತ್ತದೆ. ‘ಮಿಕ್ಸಿ ಕೆಟ್ಟಿದೆ’ ಎಂದು ಅಂಗಡಿಗೆ ಒಯ್ಯುತ್ತಾರೆ. ಆದ್ದರಿಂದ ಮೇನ್ ಆರಿಸಿ ದೀಪದ ಎರಡೂ ವೈರುಗಳನ್ನು ಬಿಚ್ಚಿ, ತುದಿಗಳಿಗೆ ಬೇರೆ ಬೇರೆಯಾಗಿ ಟೇಪ್ ಸುತ್ತಿ, ಒಂದು ದಿನ ಹಾಗೇ ಬಿಟ್ಟು ನೋಡಿ. ವೈರಿಂಗ್ ಮಾಡುವವರ ಬಳಿ ವೈರಿನ ಹೊದಿಕೆಯ ಸೋರಿಕೆ ಅಳೆಯುವ ಮೆಗ್ಗರ್ ಇದ್ದರೆ 500 ವೋಲ್ಟ್ ಹಾಕಿ ವೈರಿಗೂ ಅರ್ಥಿಗೂ ನಡುವೆ ಅಳೆಯಲಿ. ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ವೈರೇ ನೀರು ಕುಡಿದಿದೆ. ಅಳೆಯುವ ಮುನ್ನ ಎಲ್‌ಇಡಿ ದೀಪ ಬಿಚ್ಚಿರಬೇಕು, ಇಲ್ಲವಾದರೆ ಆ 500 ವೋಲ್ಟಿಗೆ ಅದರ ಡ್ರೈವರ್ (ಮನೆಯ ಕರೆಂಟನ್ನು ಎಲ್‌ಇಡಿಗೆ ತಕ್ಕಂತೆ ಬದಲಿಸುವ ಭಾಗ) ಹೋಗಬಹುದು.

ಬಿಚ್ಚಿದ ದೀಪದಲ್ಲಿ ನೀರು ಎಲ್ಲಿ ನಿಂತಿದೆ ಎಂಬುದು ಅದು ಬಂದ ದಾರಿಯನ್ನು ಹೇಳುತ್ತದೆ. ಮುಚ್ಚಳದ ಒಳಮೈಯಲ್ಲಿ ಸಮನಾಗಿ ಮಂಜು ಕಟ್ಟಿದ್ದರೆ ದೀಪ ‘ಉಸಿರಾಡುತ್ತಿದೆ’. ಹೊತ್ತಿದಾಗ ಒಳಗಿನ ಗಾಳಿ ಹಿಗ್ಗಿ ಹೊರಹೋಗುತ್ತದೆ, ಆರಿದಾಗ ಕುಗ್ಗಿ ಹೊರಗಿನ ಹಬೆಯನ್ನೇ ಒಳಗೆಳೆದುಕೊಳ್ಳುತ್ತದೆ. ಸ್ನಾನ ಮುಗಿಸಿ, ಹಬೆ ತುಂಬಿದ ಕೋಣೆಯಲ್ಲಿ ತಕ್ಷಣ ದೀಪ ಆರಿಸಿ ಬರುವ ನಮ್ಮ ಉಳಿತಾಯದ ಬುದ್ಧಿ ಇದಕ್ಕೆ ಒಳ್ಳೆಯ ಸಹಾಯ. ರಬ್ಬರ್ ವಾಷರ್ ಗಟ್ಟಿಯಾಗಿ ಸೀಳಿದ್ದರೆ ದೀಪವನ್ನು ಬದಲಿಸಬೇಕು. ವೈರಿನ ತೂತಿನ ಸುತ್ತ ಮಾತ್ರ ಹನಿಗಳಿದ್ದರೆ, ಆ ಹೋಂಸ್ಟೇಯ ಹಾಗೆ, ನೀರು ಪೈಪಿನಿಂದ ಬಂದಿದೆ: ಪೈಪಿನ ಬಾಯಿಯನ್ನು ಸಿಲಿಕೋನ್‌ನಿಂದ ಮುಚ್ಚಿ, ವೈರ್ ದೀಪದೊಳಗೆ ಹೋಗುವಲ್ಲಿ ವೈರಿನ ಸುತ್ತ ಬಿಗಿಯಾಗಿ ಕೂತು ಸಂದು ಮುಚ್ಚುವ ರಬ್ಬರಿನ ಗ್ಲ್ಯಾಂಡ್ ಹಾಕಿ. ಒಂದೇ ಪಕ್ಕದಲ್ಲಿ ಕಂದು ಬಣ್ಣದ ಕಲೆಯಿದ್ದರೆ ಮೇಲೆ ಹೆಂಚೋ ತಾರಸಿಯೋ ಸೋರುತ್ತಿದೆ. ಅದು ಮೇಸ್ತ್ರಿಯ ಕೆಲಸ. ಎಷ್ಟೇ ಒಳ್ಳೆಯ ದೀಪ ತಂದರೂ ಪ್ರಯೋಜನವಿಲ್ಲ.

ಹಬೆಯನ್ನು ಹೊರಗೆ ಕಳಿಸುವುದೂ ದೀಪದ ಚಿಕಿತ್ಸೆಯೇ. ‘ಹೊರಗೆ ಜಡಿಮಳೆ, ಎಕ್ಸಾಸ್ಟ್ ಫ್ಯಾನ್ ಹಾಕಿ ಒದ್ದೆ ಗಾಳಿಯನ್ನೇ ಒಳಗೆ ಎಳೆದುಕೊಳ್ಳಬೇಕೇ’ ಎಂದು ವಾದಿಸುವವರಿದ್ದಾರೆ. ಮೇಲಿನ ಲೆಕ್ಕ ನೋಡಿ: ಹೊರಗಿನ 20 ಡಿಗ್ರಿಯ ಗಾಳಿ ಎಷ್ಟೇ ಒದ್ದೆಯಾಗಿದ್ದರೂ ಅದರಲ್ಲಿರುವುದು 17 ಗ್ರಾಂ ಒಳಗೆ, ಸ್ನಾನದ ಮನೆಯದು 30. ವಿನಿಮಯ ಲಾಭದ್ದೇ. ಸ್ನಾನವಾದ ಮೇಲೆ ಕಾಲು ಗಂಟೆಯಾದರೂ ಫ್ಯಾನ್ ತಿರುಗಲಿ, ಬಾಗಿಲ ಕೆಳಗೆ ಅರ್ಧ ಇಂಚಿನ ಸಂದು ಇರಲಿ. ಸಂದಿಲ್ಲದಿದ್ದರೆ ಫ್ಯಾನ್ ಸದ್ದು ಮಾಡುತ್ತದೆಯೇ ಹೊರತು ಗಾಳಿ ಚಲಿಸುವುದಿಲ್ಲ. ಒಂದು ಚೂರು ಕಾಗದವನ್ನು ಜಾಲರಿಗೆ ಹಿಡಿದರೆ ಅಂಟಿಕೊಳ್ಳಬೇಕು, ಅಷ್ಟೇ ಪರೀಕ್ಷೆ.

ಆರಿಸಿದ ಮೇಲೂ ಮಿಣುಕುವುದು

ರಾತ್ರಿ ಸ್ವಿಚ್ ಆರಿಸಿದ ಮೇಲೂ ದೀಪ ಮಂಕಾಗಿ ಬೆಳಗುತ್ತದೆ, ಇಲ್ಲವೇ ಅರ್ಧ ನಿಮಿಷಕ್ಕೊಮ್ಮೆ ಕಣ್ಣು ಮಿಟುಕಿಸುತ್ತದೆ. ಭೂತದ ಕಥೆ ಬೇಡ. ಸ್ವಿಚ್ಚಿನಲ್ಲಿ ಕೆಂಪು ಸೂಚಕ ದೀಪವಿದ್ದರೆ ಅದರ ಮೂಲಕ ಹರಿಯುವ ಅತಿ ಸಣ್ಣ ಕರೆಂಟೇ ಎಲ್‌ಇಡಿಗೆ ಸಾಕಾಗುತ್ತದೆ. ಅಪಾಯವಿಲ್ಲ, ಬೇಸರವೆನಿಸಿದರೆ ಸೂಚಕವಿಲ್ಲದ ಸ್ವಿಚ್ ಹಾಕಿ. ಸೂಚಕ ಇಲ್ಲದೆಯೂ ಹೀಗಾದರೆ ಮೇಲೆ ಹೇಳಿದ ನ್ಯೂಟ್ರಲ್ ಸ್ವಿಚ್ಚಿನ ತಪ್ಪಿರಬಹುದು. ಸ್ವಿಚ್ ಆರಿಸಿಟ್ಟು ಹೋಲ್ಡರಿನ ಒಂದೊಂದು ಪಿನ್ನನ್ನೂ ಅರ್ಥ್‌ಗೆ ಹೋಲಿಸಿ ಮಲ್ಟಿಮೀಟರಿನಲ್ಲಿ ನೋಡಬೇಕು. ಯಾವುದಾದರೂ ಒಂದು ಪಿನ್ನು 230ರ ಹತ್ತಿರ ತೋರಿಸಿದರೆ ತಪ್ಪು ಅದೇ. ಇದನ್ನು ಜೀವಂತ ವೈರಿನ ಮೇಲೆ ಅಳೆಯಬೇಕಾಗುವುದರಿಂದ ಬಲ್ಲವರಿಗೇ ಬಿಡಿ. ಆದರೆ ಬಿಟ್ಟು ಮರೆಯಬೇಡಿ: ದೀಪ ಮಿಣುಕುವುದು ಇಲ್ಲಿ ಸಣ್ಣ ವಿಷಯ, ಆರಿದ ದೀಪವನ್ನು ಒದ್ದೆ ಬಟ್ಟೆಯಲ್ಲಿ ಒರೆಸುವವರ ಕೈ ದೊಡ್ಡ ವಿಷಯ.

ಗೀಸರ್ ಹಾಕಿದಾಗ, ಮೋಟಾರು ತಿರುಗಿದಾಗ

ಎರಡು ಕಿಲೋವ್ಯಾಟಿನ ಗೀಸರ್ ಸುಮಾರು 8.7 ಆಂಪಿಯರ್ ಎಳೆಯುತ್ತದೆ, ಮೂರು ಕಿಲೋವ್ಯಾಟಿನದು 13. ದೀಪಕ್ಕೆಂದು ಎಳೆದ ತೆಳು ವೈರಿನಿಂದಲೇ ಗೀಸರಿಗೂ ಕವಲು ತೆಗೆದಿದ್ದರೆ ಗೀಸರ್ ಹಾಕಿದ ಕ್ಷಣ ದೀಪ ಮಂಕಾಗುತ್ತದೆ. ಗೀಸರಿಗೆ ಬೋರ್ಡಿನಿಂದಲೇ ಬೇರೆ ವೈರ್ ಬೇಕು. ಮಂಕಾಗುವ ಬದಲು ದೀಪ ಮೊದಲಿಗಿಂತ ಪ್ರಖರವಾದರೆ ವಿಷಯ ಗಂಭೀರ: ತ್ರೀಫೇಸ್ ಸಂಪರ್ಕವಿರುವ ಮನೆಗಳಲ್ಲಿ ನ್ಯೂಟ್ರಲ್ ಸಡಿಲವಾದಾಗ ಹೀಗಾಗುತ್ತದೆ, ಟಿವಿ, ಫ್ರಿಜ್ ಎಲ್ಲಕ್ಕೂ ಏಟು ಬೀಳಬಹುದು. ಆ ಕೂಡಲೇ ಮೇನ್ ಆರಿಸಿ ಲೈನ್‌ಮನ್‌ಗೆ ಹೇಳಿ.

ತೋಟಗಳಲ್ಲಿ ಫೆಬ್ರವರಿ, ಮಾರ್ಚಿಯಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಕಾಲಕ್ಕೆ ಮಾತ್ರ ದೀಪದ ಬೆಳಕು ಏರಿಳಿದರೆ ಮೋಟಾರಿನಿಂದ ವೋಲ್ಟೇಜ್ ಕುಸಿಯುತ್ತಿದೆ ಎಂದರ್ಥ, ಸ್ನಾನದ ಮನೆಯ ತಪ್ಪಲ್ಲ. ಕರೆಂಟ್ ಹೋಗಿ ಇನ್ವರ್ಟರ್ ಬಂದಾಗ ಮಾತ್ರ ಗುಂಯ್‌ಗುಟ್ಟಿದರೆ ಅದು ಅಗ್ಗದ ಇನ್ವರ್ಟರ್ ಕೊಡುವ ಕರೆಂಟಿನ ಒರಟು ಅಲೆ.

ಮೂರು ತಿಂಗಳಿಗೊಂದು ದೀಪ

ಇಲ್ಲಿ ತಪ್ಪು ಬಹುಪಾಲು ಶಾಖದ್ದು, ವಿಚಿತ್ರವೆಂದರೆ ನೀರಿಗೆ ಹೆದರಿ ಮಾಡಿದ ಕೆಲಸದಿಂದಲೇ ಬರುತ್ತದೆ. ನೀರು ತಾಕಬಾರದೆಂದು ಸಾಮಾನ್ಯ ಎಲ್‌ಇಡಿ ಬಲ್ಬನ್ನು ಗಾಜಿನ ಬುರುಡೆಯೊಳಗೆ ಮುಚ್ಚಿಡುತ್ತಾರೆ. ಎಲ್‌ಇಡಿ ತಂಪು ಎನ್ನುವುದು ಹಳೆಯ ಬಲ್ಬಿಗೆ ಹೋಲಿಸಿದ ಮಾತು. ಅದರ ಕುತ್ತಿಗೆಯಲ್ಲಿರುವ ಡ್ರೈವರ್ ಕಾಯುತ್ತದೆ, ಆ ಶಾಖ ಹೊರಗೆ ಹೋಗಲು ಗಾಳಿ ಬೇಕು. ಡ್ರೈವರಿನೊಳಗಿನ ಕೆಪಾಸಿಟರ್ ಎಂಬ ಬಿಡಿಭಾಗ ಪ್ರತಿ 10 ಡಿಗ್ರಿ ಹೆಚ್ಚಿದಂತೆ ಸುಮಾರು ಅರ್ಧ ಆಯುಸ್ಸು ಕಳೆದುಕೊಳ್ಳುತ್ತದೆ. ಬಲ್ಬಿನ ಡಬ್ಬಿಯ ಮೇಲೆ ‘ಪೂರ್ತಿ ಮುಚ್ಚಿದ ದೀಪಕೋಶಕ್ಕೆ ಅಲ್ಲ’ ಎಂದು ಎಷ್ಟೋ ತಯಾರಕರು ಸಣ್ಣ ಅಕ್ಷರದಲ್ಲಿ ಮುದ್ರಿಸಿರುತ್ತಾರೆ. ಸತ್ತ ಬಲ್ಬನ್ನು ಮೂಸಿ ನೋಡಿ, ಕುತ್ತಿಗೆ ಹಳದಿಯಾಗಿದೆಯೇ ನೋಡಿ. ಸುಟ್ಟ ವಾಸನೆಯಿದ್ದರೆ ಶಾಖ. ಪಿನ್ನಿನಲ್ಲಿ ಕಿಲುಬಿದ್ದರೆ ನೀರು. ಎರಡೂ ಇಲ್ಲದೆ ಏಪ್ರಿಲ್, ಮೇ ತಿಂಗಳ ಗುಡುಗಿನ ರಾತ್ರಿಯ ಮರುದಿನ ಸತ್ತಿದ್ದರೆ ಸಿಡಿಲಿನ ಏಟು.

ಉರಿಯುತ್ತದೆ, ಆದರೆ ಬೆಳಕಿಲ್ಲ

ದೀಪ ಕೆಟ್ಟಿಲ್ಲ, ಎಲ್ಲವೂ ಸರಿ, ಆದರೂ ಗಡ್ಡ ಹೆರೆಯುವಾಗ ಮುಖ ಕಾಣುವುದಿಲ್ಲ. ಇದನ್ನೂ ದೋಷವೆಂದೇ ನಾನು ಎಣಿಸುತ್ತೇನೆ, ಏಕೆಂದರೆ ಜನ ಇದಕ್ಕೆ ಹೆಚ್ಚು ವ್ಯಾಟಿನ ದೀಪ ಹಾಕಿ ಇನ್ನಷ್ಟು ಕೆಡಿಸಿಕೊಳ್ಳುತ್ತಾರೆ. ಕನ್ನಡಿಯ ಮುಂದೆ ನಿಂತು ಅಂಗೈಯನ್ನು ಮುಖದ ಹತ್ತಿರ ಹಿಡಿಯಿರಿ. ನೆರಳು ಕನ್ನಡಿಯ ಕಡೆಗೆ ಬಿದ್ದರೆ ದೀಪ ನಿಮ್ಮ ಬೆನ್ನಿಗಿದೆ. ನಿಮ್ಮ ತಲೆಯೇ ನಿಮಗೆ ಅಡ್ಡ. ವ್ಯಾಟ್ ಏರಿಸಿದರೆ ನೆರಳು ಇನ್ನಷ್ಟು ಕಪ್ಪಾಗುತ್ತದೆ. ಪರಿಹಾರ ಕನ್ನಡಿಯ ಮೇಲ್ಗಡೆ ಅಡ್ಡವಾಗಿ ಒಂದು ಸಣ್ಣ ದೀಪ. ಎರಡು ಪಕ್ಕದಲ್ಲೂ ಕಣ್ಣಿನ ಮಟ್ಟಕ್ಕೆ ಒಂದೊಂದು ಇದ್ದರೆ ಇನ್ನೂ ಒಳ್ಳೆಯದು, ಆದರೆ ನಾಲ್ಕಡಿಯ ಕೋಣೆಯಲ್ಲಿ ಅಷ್ಟು ಜಾಗ ಎಲ್ಲಿ.

ಶವರಿಗೆ ಪರದೆ ಕಟ್ಟಿದ್ದರೆ ದೀಪ ಪರದೆಯ ಆಚೆ ಉಳಿದು, ಸೋಪು ಜಾರಿದ ನೆಲ ಕತ್ತಲಾಗಿರುತ್ತದೆ. ವಯಸ್ಸಾದವರಿರುವ ಮನೆಯಲ್ಲಿ ಇದನ್ನು ಲಘುವಾಗಿ ನೋಡಬೇಡಿ: ಅರವತ್ತರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿನದರ ಮೂರನೆಯ ಒಂದು ಭಾಗದಷ್ಟು. ದೀಪ ಪರದೆಯ ಸರಳಿನ ನೇರಕ್ಕೆ ಬಂದರೆ ಎರಡೂ ಕಡೆಗೆ ಬೆಳಕು ಸಿಗುತ್ತದೆ.

ಕಡೂರು, ಅರಸೀಕೆರೆಯ ಬಯಲಿಗೆ ಹೋದರೆ ಮಂಕಿನ ಕಾರಣವೇ ಬೇರೆ. ಅಲ್ಲಿ ಹಬೆಗಿಂತ ಕೊಳವೆಬಾವಿಯ ಗಡಸು ನೀರು ಶತ್ರು. ದೀಪದ ಮುಚ್ಚಳಕ್ಕೆ ಬಿಳಿ ಸುಣ್ಣದ ಪೊರೆ ಕೂತು ವರ್ಷದಲ್ಲಿ ಬೆಳಕನ್ನು ನುಂಗುತ್ತದೆ. ಮುಚ್ಚಳ ಬಿಚ್ಚಿ ನಿಂಬೆರಸ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ನೆಲಕ್ಕೆ ಹಾಕುವ ಆ್ಯಸಿಡ್, ಥಿನ್ನರ್ ಮುಟ್ಟಿಸಬೇಡಿ, ಪ್ಲಾಸ್ಟಿಕ್ ಸೀಳುತ್ತದೆ. ಮಲೆನಾಡಿನ ಕಡೆ ಮುಚ್ಚಳದೊಳಗೆ ಕಪ್ಪಗೆ ಕಾಣುವುದು ಹೊಸ ಮಳೆಗೆ ಎದ್ದ ರೆಕ್ಕೆ ಗೆದ್ದಲುಗಳ ಹೆಣ. ಅಂದರೆ ಹುಳ ನುಗ್ಗುವಷ್ಟು ಸಂದಿದೆ. ಹುಳ ನುಗ್ಗುವಲ್ಲಿ ಹಬೆಯೂ ನುಗ್ಗುತ್ತದೆ.

ಹಾಗಾದರೆ ಯಾವ ದೀಪ ತರಬೇಕು?

ದೋಷ ಯಾವುದೆಂದು ತಿಳಿದ ಮೇಲೆ ಆಯ್ಕೆ ಸುಲಭ. ಡಬ್ಬಿಯ ಮೇಲೆ ಐಪಿ ಎಂಬ ಅಕ್ಷರಗಳ ಮುಂದೆ ಎರಡು ಅಂಕೆ ಇರುತ್ತವೆ. ಮೊದಲನೆಯದು ದೂಳು, ಹುಳ ಒಳಗೆ ಹೋಗದಂತೆ ಎಷ್ಟು ಬಿಗಿ ಎಂಬುದಕ್ಕೆ, ಎರಡನೆಯದು ನೀರಿಗೆ. ಐಪಿ44 ಎಂದರೆ ಎಲ್ಲ ಕಡೆಯಿಂದ ಸಿಡಿಯುವ ನೀರನ್ನು ತಡೆಯುತ್ತದೆ, ಐಪಿ65 ಎಂದರೆ ದೂಳು ಪೂರ್ತಿ ನುಗ್ಗದು, ಪೈಪಿನ ಧಾರೆಯನ್ನೂ ತಡೆಯುತ್ತದೆ. ಐಪಿ20 ಎಂದರೆ ನಡುಮನೆಗೆ ಮಾತ್ರ. ಅಂಗಡಿಯಲ್ಲಿ ‘ವಾಟರ್‌ಪ್ರೂಫ್ ಸರ್’ ಎಂದರೆ ಅಂಕೆ ತೋರಿಸಿ ಎನ್ನಿ.

ಅಂತರರಾಷ್ಟ್ರೀಯ ವೈರಿಂಗ್ ನಿಯಮಗಳು ತೊಟ್ಟಿಯಿಲ್ಲದ ಶವರಿನ ಸುತ್ತ 1.2 ಮೀಟರ್ ಹರವನ್ನು, ನೆಲದಿಂದ 2.25 ಮೀಟರ್ ಎತ್ತರದವರೆಗೆ ಒದ್ದೆ ವಲಯವೆಂದು ಗುರುತಿಸುತ್ತವೆ. ಶವರ್ ಅದಕ್ಕಿಂತ ಮೇಲಿದ್ದರೆ ಅಲ್ಲಿಯವರೆಗೆ. 1.2 ಮೀಟರ್ ಎಂದರೆ ನಾಲ್ಕಡಿ. ನಮ್ಮ ಸ್ನಾನದ ಮನೆಯ ಅಗಲವೇ ಅಷ್ಟು! ಗೋಡೆಯ ಮೇಲೆ ಎಲ್ಲಿ ದೀಪ ಹಾಕಿದರೂ ಬಹುಮಟ್ಟಿಗೆ ಅದು ವಲಯದೊಳಗೇ, ಐಪಿಯ ಎರಡನೆಯ ಅಂಕೆ 4ಕ್ಕಿಂತ ಕಡಿಮೆ ಇರುವಂತಿಲ್ಲ. ಒಂಬತ್ತಡಿಯ ತಾರಸಿ ಕಾಗದದ ಮೇಲೆ ವಲಯದ ಹೊರಗೆ, ಆದರೆ ಹೆಂಚಿನ ಮನೆಯ ಇಳಿಜಾರಿನ ಕಡೆ ಏಳಡಿಗೆ ಇಳಿದಿರುವಲ್ಲಿ ಒಳಗೆ. ಕೈಶವರ್ ಇರುವ ಮನೆಯಲ್ಲಿ ಮಕ್ಕಳು ಅದನ್ನು ಎತ್ತ ತಿರುಗಿಸುತ್ತಾರೋ ಯಾರು ಬಲ್ಲರು, ಅಲ್ಲಿ ನಾನು ಕಣ್ಣುಮುಚ್ಚಿ ಐಪಿ65 ಹಾಕುತ್ತೇನೆ. ಸ್ವಿಚ್ ಬಾಗಿಲ ಹೊರಗೇ ಇರಲಿ.

ನನ್ನ ಕೈಗೆ ಮೊದಲು ಹೋಗುವುದು ಬಲ್ಕ್‌ಹೆಡ್ ಎನ್ನುವ, ಪ್ಲಾಸ್ಟಿಕ್ ಮೈಯ, ತೂತು ಕೊರೆಯದೆ ಚಾವಣಿಯ ಮೈಗೇ ಬಿಗಿಯುವ ಗುಂಡು ದೀಪ. ನೋಡಲು ಅಷ್ಟೇನೂ ಚೆಂದವಿಲ್ಲ, ರೈಲಿನ ಬೋಗಿಯ ದೀಪದಂತಿರುತ್ತದೆ ಎಂದು ಮನೆಯವರು ಮುಖ ಸಿಂಡರಿಸುತ್ತಾರೆ. ಅವರಿಗೆ ಬೇಕಾದದ್ದು ಪಿವಿಸಿ ಫಾಲ್ಸ್ ಸೀಲಿಂಗಿನಲ್ಲಿ ತೂತು ಕೊರೆದು ಕೂರಿಸುವ ಡೌನ್‌ಲೈಟ್. ಅದರಲ್ಲಿ ಒಂದು ಮೋಸವಿದೆ: ಎಷ್ಟೋ ಡೌನ್‌ಲೈಟ್‌ಗಳಲ್ಲಿ ಐಪಿ65 ಎನ್ನುವುದು ಕೆಳಮುಖಕ್ಕೆ ಮಾತ್ರ, ಬೆನ್ನು ಬಯಲಾಗಿಯೇ ಇರುತ್ತದೆ. ಆ ಬೆನ್ನ ಹಿಂದೆ ಹೆಂಚಿನ ಸೋನೆ, ಇಲಿ, ತಣ್ಣನೆಯ ಹಬೆ. ಲೋಹದ ಮೈಯ ದೀಪವೇ ಬೇಕೆಂದರೆ ಅರ್ಥ್ ವೈರ್ ಕಟ್ಟುವ ಜಾಗವಿದೆಯೇ ನೋಡಿ, ಕಟ್ಟಿಸಿ. ಅಗ್ಗದ ದೀಪಗಳಲ್ಲಿ ಡ್ರೈವರನ್ನು ಎಲ್‌ಇಡಿ ಹಲಗೆಯ ಮೇಲೆಯೇ ಬೆಸೆದಿರುತ್ತಾರೆ. ಒಳಗಿನ ತೆಳು ಪದರ ಹೋದರೆ ಅಲ್ಯೂಮಿನಿಯಂ ಮೈಗೇ ಕರೆಂಟ್ ಬರುತ್ತದೆ.

ಅಳತೆಯ ಮಾತು: 9 ವ್ಯಾಟಿನ ಒಳ್ಳೆಯ ಎಲ್‌ಇಡಿ ಸುಮಾರು 900 ಲ್ಯೂಮೆನ್ ಬೆಳಕು ಕೊಡುತ್ತದೆ. 24 ಚದರಡಿಯ ಕೋಣೆಗೆ, ಗೋಡೆ ನುಂಗಿದ್ದು ಕಳೆದರೂ ಅದು ಸಾಕು. ಕನ್ನಡಿಯ ಮೇಲೆ ಇನ್ನೊಂದು 5 ವ್ಯಾಟಿನದು. ಬಣ್ಣಕ್ಕೆ 4000 ಕೆಲ್ವಿನ್ ತನ್ನಿ. ನಮ್ಮ ಅಂಗಡಿಗಳಲ್ಲಿ ಕೇಳದೆ ಕೊಡುವುದು 6500, ನೀಲಿ ಮಿಶ್ರಿತ ಬಿಳಿ. ನೀಲಿ ಟೈಲ್ಸ್ ಇರುವಲ್ಲಿ ಅದನ್ನು ಹಾಕಿದರೆ ಬೆಳಗಿನ ಮುಖ ಜ್ವರ ಬಂದವರದಂತೆ ಕಾಣುತ್ತದೆ, ಮಳೆಹುಳಗಳನ್ನೂ ಅದು ಹೆಚ್ಚು ಕರೆಯುತ್ತದೆ. ಕನ್ನಡಿಯ ದೀಪಕ್ಕೆ ಸಿಆರ್‌ಐ (ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂಬ ಅಳತೆ) 90 ಎಂದಿರುವುದು ಸಿಕ್ಕರೆ ಸ್ವಲ್ಪ ದುಬಾರಿಯಾದರೂ ತನ್ನಿ, ಚರ್ಮದ ಬಣ್ಣ ಸಹಜವಾಗಿ ಕಾಣುತ್ತದೆ.

ಹಾಕುವ ಮುನ್ನ ದೀಪದ ಬೆನ್ನಿನ ಮೇಲೆ ಅಳಿಸದ ಮಾರ್ಕರಿನಿಂದ ದಿನಾಂಕ ಬರೆದಿಡಿ. ಮುಂದೆ ಅದನ್ನು ಬಿಚ್ಚುವವರಿಗೆ, ಅದು ನೀವೇ ಆಗಿರಬಹುದು, ‘ಯಾವಾಗ’ ಎಂಬ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಆ ಹೋಂಸ್ಟೇಯ ದೀಪದ ಬೆನ್ನಿಗೂ ಬರೆದಿದ್ದೇನೆ. ಎರಡು ಮಳೆಗಾಲ ಕಳೆದವು, ಸೋಮವಾರದ ಫೋನ್ ಬಂದಿಲ್ಲ. ಅಡುಗೆಯವರಿಗೂ ಒಂದು ಪುಸ್ತಕ ಕೊಟ್ಟು, ಆರ್‌ಸಿಸಿಬಿ ಬಿದ್ದರೆ ಹೊತ್ತು ಬರೆದಿಡಿ ಎಂದು ಹೇಳಿ ಬಂದಿದ್ದೆ. ಮೊನ್ನೆ ಹೋದಾಗ ನೋಡಿದರೆ ಅದರಲ್ಲಿ ಹಾಲಿನ ಲೆಕ್ಕ ಬರೆದಿದ್ದರು.